ಹೊಸ್ತಿಲು ದಾಟದ ಮಾತು

ಬಾಗಿಲು ತೆರೆದ ಒಟಾಕರ್ ಅವಳ ಮುಖ ನೋಡಲಿಲ್ಲ. ಅವಳ ಕೈಯಲ್ಲಿದ್ದ ಬೀಗದ ಕೈ ನೋಡಿದ.

"ಕೊಟ್ಟು ಹೋಗೋಕೆ ಬಂದ್ಯಾ?"

ಲಿಬುಶೆ ಹೌದೆಂದು ತಲೆಯಾಡಿಸಿದಳು. ಪ್ರಾಗ್‌ನ ಅಕ್ಕನ ಮನೆಯಿಂದ ರೈಲಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಬೇರೆಯೇ ಆಗಿತ್ತು...

ನದಿದಂಡೆಯ ಪರಮಾಣು ರಿಯಾಕ್ಟರಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಹೊರಗಿನಿಂದ ಅಯಸ್ಕಾಂತವೇ ಅಲ್ಲ ಎನಿಸುವ ಹರಳುಗಳೊಳಗೆ ನ್ಯೂಟ್ರಾನ್ ಹಾಯಿಸಿ, ಅಲ್ಲಿರುವ ಪರಮಾಣುಗಳೆಂಬ ಪುಟ್ಟ ಅಯಸ್ಕಾಂತಗಳಲ್ಲಿ ಯಾವುದು ಯಾವುದಕ್ಕೆ ಎದುರಾಗಿ ನಿಂತಿದೆ ಎಂದು ಪತ್ತೆ ಹಚ್ಚುವುದು. ತನ್ನ ಹರಳಿನಲ್ಲಿ ಒಂದು ಸಾಲು ಪೂರ್ತಿ ಮೇಲಕ್ಕೆ, ಪಕ್ಕದ ಸಾಲು ಕೆಳಕ್ಕೆ ಎಂದು ಒಟಾಕರ್ ಊರಿಗೆಲ್ಲ ಸಾರಿದ್ದ. ಹೆಸರು ಬಂದದ್ದೂ ಅದರಿಂದಲೇ.

ಲಿಬುಶೆ ಅಳೆದಾಗ ಕಂಡದ್ದೇ ಬೇರೆ. ಒಂದಿಡೀ ಪದರ ಒಂದು ಕಡೆಗೆ, ಅದರ ಮೇಲಿನ ಪದರ ಎದುರು ಕಡೆಗೆ! ಅಂಟಿಕೊಂಡು ಬೆಳೆದ ಎರಡು ಹರಳನ್ನು ಅವನು ಒಂದೇ ಎಂದುಕೊಂಡು ಎಡವಿದ್ದ. ಅದನ್ನವಳು ತುಂಬಿದ ಸಭೆಯಲ್ಲಿ ಹೇಳಿದಳು. ಅಂದಿನಿಂದ ಅವನು ಮಾತು ಬಿಟ್ಟ, ಅವಳು ಮನೆ ಬಿಟ್ಟಳು.

"ಸಭೆಗೆ ಮುಂಚೆ ಇಡೀ ವಾರ ನನ್ನೆದುರು ಕೂತು ಊಟ ಮಾಡಿದೆ. ಒಂದು ಮಾತು ಹೇಳಬಾರದಿತ್ತಾ?"

ಈ ಮನೆಗೊಂದು ಕಟ್ಟಳೆಯಿತ್ತು. ಬೂಟು ಬಿಚ್ಚುವಲ್ಲೇ ಕೆಲಸದ ಮಾತನ್ನೂ ಬಿಚ್ಚಿಡಬೇಕು. ಮನೆಯ ಚಪ್ಪಲಿ ಮೆಟ್ಟಿ ಒಳಬಂದ ಮೇಲೆ ಅಯಸ್ಕಾಂತದ ಸುದ್ದಿ ಎತ್ತಿದವರು ಅವತ್ತಿನ ಪಾತ್ರೆ ತೊಳೆಯಬೇಕು. ನಗುನಗುತ್ತಾ ಇಬ್ಬರೂ ಮಾಡಿಕೊಂಡದ್ದು. ಆ ವಾರ ದಿನವೂ ಅವಳು ಹೊಸ್ತಿಲಲ್ಲಿ ಬಾಯಿ ತೆರೆದು, ಅವನ ನಗುಮುಖ ಕಂಡು ಸುಮ್ಮನಾಗಿದ್ದಳು. ಅಂಜಿದವಳಿಗೆ ಕಟ್ಟಳೆ ಒಂದು ನೆಪವಾಯಿತು.

"ಕಟ್ಟಳೆಗಲ್ಲ ಕಣೋ, ನಿಂಗೆ ಹೆದರಿದೆ. ಹೇಳಿದ್ರೆ ನನ್ನನ್ನ ಆ ನಗುಮುಖದಲ್ಲಿ ನೋಡೋದೇ ಬಿಡ್ತೀಯೇನೋ ಅಂತ..."

ಒಟಾಕರ್ ಈಗ ಅವಳ ಮುಖ ನೋಡಿದ.

"ನಾನೂ ಮತ್ತೆ ಅಳೆದು ನೋಡಿದೆ. ಪದರಾನೇ. ನೀನೇ ಸರಿ. ತಪ್ಪಾಗಿದ್ದಕ್ಕೆ ನೋವಾಗ್ಲಿಲ್ಲ ಲಿಬುಶೆ. ಅಷ್ಟು ಜನರ ಮಧ್ಯೆ, ಅವರ ಹಾಗೇ ನಾನೂ ಮೊದಲ ಸಲ ಕೇಳಿಸ್ಕೊಂಡೆನಲ್ಲ... ಅದಕ್ಕೆ."

ಇನ್ನು ತನಗಿಲ್ಲಿ ಜಾಗವಿಲ್ಲ ಎಂದುಕೊಂಡಳು ಅವಳು. ಬೀಗದ ಕೈ ಇಡಲೆಂದು ಬಾಗಿಲ ಪಕ್ಕದ ಬೂಟಿನ ಗೂಡಿನತ್ತ ಬಾಗಿದಳು. ಅಲ್ಲಿ ಅವಳ ಹಸಿರು ಚಪ್ಪಲಿ ಇಟ್ಟಲ್ಲೇ ಇತ್ತು, ಧೂಳು ಒರೆಸಿ ಇಟ್ಟಂತೆ.

ಕೈ ಹಿಂದಕ್ಕೆ ಬಂತು. ಹಿಮ ಮೆತ್ತಿದ ಬೂಟಿನಲ್ಲೇ ಅವಳು ಹೊಸ್ತಿಲು ದಾಟಿದಳು.

"ಬೂಟು..." ಎಂದ ಅವನು.

"ಆಮೇಲೆ ಬಿಚ್ತೀನಿ. ಮೊದಲು ಹೇಳಿಬಿಡ್ತೀನಿ, ಎಲ್ಲಾನೂ."

ಒಟಾಕರ್ ಕಣ್ಣೊರೆಸಿಕೊಂಡು ಅವಳ ಹಿಂದೆ ಬಾಗಿಲು ಮುಚ್ಚಿದ.

"ಹಾಗಾದ್ರೆ ಇವತ್ತು ಪಾತ್ರೆ ನಿಂದೇ."