ಮಾಸ್ತಮ್ಮನಿಗೆ ನೀರೆರೆದ ಬೆಳಿಗ್ಗೆ

ಹಂಡೆಯ ನೀರು ಕಾದು ಬಹಳ ಹೊತ್ತಾಗಿತ್ತು. ಅಂಗಳದ ಮೂಲೆಯಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟಿ ಮರೆ ಮಾಡಿದ್ದರು. ಅದರೊಳಗೆ ಬಾಳೆಯೆಲೆಯ ಮೇಲೆ ಮಾಸ್ತಮ್ಮ ಮಲಗಿದ್ದಳು. ಗಂಡಸರು ಚಟ್ಟ ಕಟ್ಟಿ ಮುಗಿಸಿ ಬೇಲಿಯ ಹತ್ತಿರ ತಲೆತಗ್ಗಿಸಿ ನಿಂತಿದ್ದರು. ಶಿರಾಲಿಯ ಆ ಕೇರಿಯ ಹೆಂಗಸರೆಲ್ಲ ಬಂದಿದ್ದರು, ಆದರೆ ಒಬ್ಬರೂ ಚೆಂಬಿಗೆ ಕೈಹಾಕಲಿಲ್ಲ. ಎಷ್ಟೋ ವರ್ಷಗಳಿಂದ ಆ ಕೇರಿಯಲ್ಲಿ ಯಾವ ಹೆಂಗಸು ತೀರಿಕೊಂಡರೂ ಕೊನೆಯ ಸ್ನಾನ ಮಾಡಿಸಲು ಮಾಸ್ತಮ್ಮನನ್ನೇ ಕರೆಯುತ್ತಿದ್ದರು. ಇವತ್ತು ಮಾಸ್ತಮ್ಮನೇ ಹೋಗಿದ್ದಳು… ಇನ್ನು ಯಾರನ್ನು ಕರೆಯುವುದು?

"ನಾವು ಎಂತಾದ್ರೂ ಹೆಚ್ಚುಕಮ್ಮಿ ಮಾಡ್ದ್ರೆ ಎದ್ದು ಕೂತು ಬೈತ್ಳು, ಕಾಣಿ," ಎಂದಳು ನೆರೆಮನೆಯ ಗಣಪಿ. ಅಳುತ್ತಿದ್ದವರಲ್ಲಿ ಒಂದಿಬ್ಬರು ನಕ್ಕರು. ನಕ್ಕೆವಲ್ಲ ಎಂದು ಮತ್ತೆ ಅತ್ತರು.

ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದ ಮೊಮ್ಮಗಳು ನೇತ್ರಾಳಿಗೆ ಆ ನಗು ಕೇಳಿಸಲೇ ಇಲ್ಲ. ಸುದ್ದಿ ತಿಳಿದು ಕುಮಟೆಯ ಗಂಡನ ಮನೆಯಿಂದ ಹೊರಟಾಗಲೇ, ಅಜ್ಜಿಗೆ ನೀರೆರೆಯುವುದು ತನ್ನ ಕೈಯಿಂದಲೇ ಆಗಬೇಕೆಂದು ಅವಳು ನಿಶ್ಚಯಿಸಿದ್ದಳು. ಆದರೆ ಅವಳು ಏಳು ತಿಂಗಳ ಬಸುರಿ. ಬಸುರಿ ಹೆಂಗಸು ಹೆಣ ಮುಟ್ಟುವುದಿರಲಿ, ನೋಡಲೂ ಬಾರದೆಂದು ಅವಳನ್ನು ಜಗಲಿಯಲ್ಲೇ ಕೂರಿಸಿದ್ದರು.

ಮಾಸ್ತಮ್ಮ ಈ ಕೆಲಸಕ್ಕೆ ಯಾರಿಂದಲೂ ಏನನ್ನೂ ತೆಗೆದುಕೊಂಡವಳಲ್ಲ. ಬಲವಂತ ಮಾಡಿ ಕಾಯಿ ಕೊಟ್ಟರೆ, ಮುಂದೆ ಇಡಗುಂಜಿಗೆ ಹೋದಾಗ ಸತ್ತವರ ಹೆಸರು ಹೇಳಿ ಗಣಪತಿಯ ಮುಂದೆ ಒಡೆಸಿ ಬರುತ್ತಿದ್ದಳು. ರೈಲು ಹಳಿ ಹಾಕುವ ಕಾಲದಲ್ಲಿ ಘಟ್ಟದ ಮೇಲಿನಿಂದ ಕೂಲಿಗೆ ಬಂದ ಹೆಂಗಸೊಬ್ಬಳು ಜ್ವರದಿಂದ ಸತ್ತಳು. ಅವಳ ಊರು ಯಾವುದೆಂದು ಜೊತೆಯವರಿಗೂ ತಿಳಿದಿರಲಿಲ್ಲ. ಅವಳನ್ನೂ ಮಾಸ್ತಮ್ಮನೇ ಮೀಯಿಸಿ, ತಲೆ ಬಾಚಿ, ಹಣೆಗೆ ಕುಂಕುಮವಿಟ್ಟು ಕಳಿಸಿದಳು. ಅಸಹ್ಯವಾಗುವುದಿಲ್ಲವೇ ಎಂದು ನೇತ್ರಾ ಚಿಕ್ಕವಳಿದ್ದಾಗ ಕೇಳಿದ್ದಳು. ಅಜ್ಜಿ ಹೊಳೆಯಲ್ಲಿ ಮುಳುಗು ಹಾಕಿ ಬಂದು, ಒದ್ದೆ ಸೀರೆಯಲ್ಲೇ ತುಳಸಿಕಟ್ಟೆಯ ಮುಂದೆ ಕೈಮುಗಿದು ನಿಂತಿದ್ದಳು. "ನೆರೆಮನೆಂದ ತಂದ ಪಾತ್ರೆ ತೊಳ್ದು ಕೊಡೂದಿಲ್ವಾ ಮಗಾ? ಇದೂ ಹಂಗೇ. ದೇವ್ರದ್ದು ದೇವ್ರಿಗೆ," ಎಂದಿದ್ದಳು.

ಊರೆಲ್ಲ ಕೈಮುಗಿಯುತ್ತಿದ್ದ ಆ ಕೈಗಳನ್ನು ಮನೆಯಲ್ಲಿ ಒಬ್ಬಳು ಮಾತ್ರ ಕಣ್ಣೆತ್ತಿ ನೋಡುತ್ತಿರಲಿಲ್ಲ. ಅವಳು ಸೊಸೆ ಗಂಗಾ, ನೇತ್ರಾಳ ತಾಯಿ. ನೇತ್ರಾ ಹುಟ್ಟುವ ಮೊದಲು ಗಂಗಾಳಿಗೊಂದು ಗಂಡುಮಗುವಾಗಿತ್ತು. ನಾಮಕರಣವಾದ ಕೆಲವೇ ದಿನಗಳಲ್ಲಿ ಅದು ಹಾಲು ಬಿಟ್ಟು, ಬಾಡಿ, ಹೋಗಿಬಿಟ್ಟಿತು… ಅದೇ ವಾರ ಮಾಸ್ತಮ್ಮ ಒಂದು ಸಾವಿನ ಮನೆಗೆ ಹೋಗಿ ಬಂದಿದ್ದಳು. ಅಲ್ಲಿಯ ಮೈಲಿಗೆಯೇ ತನ್ನ ಕೂಸಿಗೆ ತಟ್ಟಿತೆಂದು ಗಂಗಾಳ ಮನಸ್ಸಿನಲ್ಲಿ ಬೇರೂರಿತು. ಹಾಗಲ್ಲವೆಂದು ಗಂಡ ಭಾಸ್ಕರ ಹೇಳಿದ, ಡಾಕ್ಟರು ಹೇಳಿದರು. ಯಾರು ಹೇಳಿದರೂ ಅದು ಕಿತ್ತುಬರಲಿಲ್ಲ. ಅತ್ತೆಗೆ ಹೊತ್ತುಹೊತ್ತಿಗೆ ಊಟ ಬಡಿಸಿದಳು, ಕಾಯಿಲೆಯಾದಾಗ ಗಂಜಿ ಕಾಸಿದಳು, ಆದರೆ ಮಾತಾಡಲಿಲ್ಲ. ಮಾಸ್ತಮ್ಮ ಒಂದು ದಿನವೂ ಎದುರಾಡಲಿಲ್ಲ. ಸೊಸೆಯ ದುಃಖಕ್ಕೆ ಇಳಿಸಿಡಲು ಒಂದು ಜಾಗ ಬೇಕು, ಅದು ತಾನೇ ಆದರೂ ಆಗಲಿ ಎಂದು ಸುಮ್ಮನಿದ್ದುಬಿಟ್ಟಳು.

ಬಿಸಿಲು ಅಂಗಳಕ್ಕೆ ಇಳಿಯಿತು. ನೇತ್ರಾ ಕಂಬ ಹಿಡಿದು ಎದ್ದಳು. ಕೇರಿಯ ಹಿರಿಯಳಾದ ನಾಗಜ್ಜಿ ಕೋಲು ಅಡ್ಡ ಇಟ್ಟು, ಹೊಟ್ಟೆಯ ಕೂಸಿನ ಮೇಲೆ ಕರುಣೆ ಇದ್ದರೆ ಕೂತುಕೋ ಎಂದಳು.

"ನೀವು ಯಾರೂ ಮುಟ್ಟೂದಿಲ್ಲ, ನನ್ನೂ ಬಿಡೂದಿಲ್ಲ," ಎಂದಳು ನೇತ್ರಾ. "ಊರಿಗೆಲ್ಲ ಮೀಸದವ್ಳು ಹಿಂಗೇ ಹೋಗ್ಬೇಕಾ?"

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಗಾ ಓಡಿಬಂದು ಮಗಳ ಭುಜ ಹಿಡಿದಳು.

"ನೀ ಹೋಗೂದು ಬ್ಯಾಡ. ನಾ ಒಂದು ಕಳ್ಕಂಡವ್ಳು. ಇನ್ನೊಂದು ನೋಡೂಕೆ ನನ್ನಿಂದಾಗೂದಿಲ್ಲ."

"ಹಂಗಾರೆ ಯಾರು ಮೀಸ್ತ್ರು, ಅಮ್ಮ?"

ಗಂಗಾ ತಟ್ಟಿಯ ಕಡೆ ನೋಡಿದಳು, ಮಗಳ ಹೊಟ್ಟೆಯ ಕಡೆ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನಾ ಮೀಸ್ತೆ. ನಂಗೆ ಬರೂದಿಲ್ಲ. ನೀ ಇಲ್ಲೇ ಕೂತು ಹೇಳು."

ಹೆಂಗಸರು ದಾರಿ ಬಿಟ್ಟರು. ಗಣಪಿ ಕೊಡ ಹಿಡಿದು ಹಿಂದೆ ಹೋದಳು. ತಟ್ಟಿಯ ಈಚೆ ನೇತ್ರಾ ಜಗಲಿಯ ಗೋಡೆಗೆ ತಲೆಯಾನಿಸಿ ಕುಳಿತಳು. ಅಜ್ಜಿ ಹೊಳೆಯ ದಾರಿಯಲ್ಲಿ, ದೀಪ ಹಚ್ಚುವ ಹೊತ್ತಿನಲ್ಲಿ ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡು ತಾಯಿಗೆ ಕೇಳುವಂತೆ ಹೇಳಿದಳು. ಬಿಸಿನೀರಿಗೆ ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡಬೇಕು. ಜೀವವಿಲ್ಲವೆಂದು ಸುಡುವ ನೀರು ಹಾಕಬಾರದು. ಮೊದಲು ಪಾದ, ಆಮೇಲೆ ಕೈ. ಬಾಯಲ್ಲಿ ನಾರಾಯಣನ ಹೆಸರಿರಬೇಕು. ಏನು ಮಾಡುತ್ತಿದ್ದೇವೆಂದು ಮಲಗಿದವರಿಗೆ ಹೇಳುತ್ತಲೇ ಮಾಡಬೇಕು, ಇಲ್ಲದಿದ್ದರೆ ಅವರು ಹೆದರುತ್ತಾರೆ ಎಂದು ಅಜ್ಜಿ ನಂಬಿದ್ದಳು.

ಒಳಗೆ ನೀರಿನ ಸದ್ದು ಬಂತು. ನಾರಾಯಣ ಎಂಬ ಹೆಸರು ಬಂತು. ಬೇರೆ ಮಾತು ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನೀರಿನ ಸದ್ದೂ ನಿಂತಿತು.

"ನೇತ್ರಾ…" ಗಂಗಾಳ ದನಿ ಬಹಳ ಸಣ್ಣದಾಗಿತ್ತು. "ನನ್ನ ಕೂಸಿಗೆ ಮೀಸದ್ದೂ ಇವ್ರೇ ಅಲ್ದಾ? ನಾ ಆ ದಿನ ಒಳಗೇ ಬಿದ್ಕಂಡಿದ್ದೆ. ನೋಡ್ಲಿಲ್ಲ. ನಿನ್ನತ್ರ ಎಂತಾದ್ರೂ ಹೇಳಿದ್ರಾ?"

ನೇತ್ರಾ ಕಣ್ಣು ಮುಚ್ಚಿದಳು.

"ಅಜ್ಜಿ ಹೇಳಿತ್ತು, ಅಮ್ಮ. ಕಾಲು ಚಾಚಿ ಕೂತು, ಬಾಣಂತಿ ಮನೇಲಿ ಮೀಸೂ ಹಂಗೇ ಕೂಸನ್ನ ಕಾಲ ಮೇಲೆ ಮಲಗ್ಸಿಕೊಂಡಿತ್ತಂತೆ. ಕಣ್ಣಿಗೆ ನೀರು ಹೋಗಬಾರ್ದು ಅಂತ ಹಣೆಗೆ ಕೈ ಅಡ್ಡ ಹಿಡ್ದಿತ್ತಂತೆ. ಜೋಗುಳ ಹೇಳೂಕೆ ಹೋಗಿ, ಆಗದೇ ಬಿಟ್ಟೆ ಅಂತು. ಆ ದಿನ ಒಂದೇ ನಂಗೆ ದೇವ್ರ ಹೆಸ್ರು ಬಾಯಿಗೆ ಬರ್ಲಿಲ್ಲ ಅಂತು…"

ತಟ್ಟಿಯ ಆಚೆ ಯಾರೋ ಬಿಕ್ಕಿದರು. ಗಣಪಿಯಿರಬಹುದು, ಗಂಗಾ ಇರಬಹುದು. ನಾಗಜ್ಜಿ ಕೋಲು ಕೆಳಗಿಟ್ಟು ಮುಖ ಒರೆಸಿಕೊಂಡಳು. ನೀರು ಆರಿತೆಂದೂ, ಇನ್ನೊಂದು ಕೊಡ ಬಿಸಿಯಾಗಿ ಬೇಕೆಂದೂ ಒಳಗಿನಿಂದ ಕೇಳಿ ಬಂತು. ಯಾರೋ ಓಡಿಹೋಗಿ ತಂದುಕೊಟ್ಟರು. ನೀರು ಬೆರೆಸುವ ಸದ್ದಾಯಿತು.

ಆಮೇಲೆ ಗಂಗಾ ಮಾತಾಡಿದಳು. ಮಗಳೊಡನೆಯಲ್ಲ, ಗಣಪಿಯೊಡನೆಯೂ ಅಲ್ಲ.

"ಅತ್ತೆ, ಮುಖಕ್ಕೆ ನೀರು ಹಾಕ್ತೆ. ಹೆದ್ರಬೇಡಿ… ಕಣ್ಣಿಗೆ ಹೋಗೂದಿಲ್ಲ. ನಾ ಕೈ ಅಡ್ಡ ಹಿಡೀತೆ."