ಕಪಾಟಿನೊಳಗಿನ ಕ್ಯಾಪ್ಟನ್ ಮುಗಿಲು

"ಕಣ್ಣು ಬಿಡೇ ಬುಲ್ಬುಲ್! ಟಿಕೆಟ್ ತಗೊಂಡು ಬಂದು ನಿದ್ದೆ ಮಾಡ್ತಿದ್ದೀಯಲ್ಲೇ!" ಗೆಳತಿ ಪಟಾಕಿ ಮೊಣಕೈಯಿಂದ ತಿವಿದಳು.

"ಶ್! ನಾನು ಸಿನಿಮಾ ಕೇಳ್ತಾ ಇದ್ದೀನಿ," ಎಂದಳು ಬುಲ್ಬುಲ್, ಕಣ್ಣು ಬಿಡದೆ.

ಪರದೆಯ ಮೇಲೆ ಹೊಸ ಕ್ಯಾಪ್ಟನ್ ಮುಗಿಲು ಹಾರುತ್ತಿದ್ದ. ಹೊಸ ಮುಖ, ಹೊಸ ಬಟ್ಟೆ. ಹಳೇ ಮುಗಿಲು ಇರಲೇ ಇಲ್ಲವೇನೋ ಎನ್ನುವ ಹಾಗೆ ಕತೆಯನ್ನು ಮತ್ತೆ ಮೊದಲಿಂದ ಶುರು ಮಾಡಿದ್ದರು. ಅದನ್ನೆಲ್ಲ ಬುಲ್ಬುಲ್ ಹೇಗೋ ಸಹಿಸಿಕೊಂಡಾಳು. ಆದರೆ ದನಿ?

ಬುಲ್ಬುಲ್ ಮುಗಿಲಿನ ಫ್ಯಾನ್. ಬರೀ ಫ್ಯಾನಲ್ಲ, ಫುಲ್ ಸ್ಪೀಡಿನಲ್ಲಿ ತಿರುಗುವ ಫ್ಯಾನ್. ಯಾಕೆಂದರೆ ಬೇರೆ ಭಾಷೆಯ ಆ ಹಳೇ ಮುಗಿಲಿಗೆ ನಮ್ಮ ಭಾಷೆಯಲ್ಲಿ ಮಾತು ಕೊಟ್ಟವನು ಅವಳ ಅಪ್ಪ. ಡಬ್ಬಿಂಗ್ ಅಪ್ಪನ ಕೆಲಸ. ಒಂದು ಸಿನಿಮಾದಲ್ಲಿ ಸಮುದ್ರ ದಾಟುವಾಗ ಮುಗಿಲು, "ದಾದು ಬಂದೆ, ಬಕ್ಕಳೇ!" ಎಂದು ಕೂಗುತ್ತಾನೆ. ಆವತ್ತು ಅಪ್ಪನ ಮೂಗು ಕಟ್ಟಿತ್ತು. ಕ್ಲಾಸಿನವರು ಮಾತ್ರ, "ಅಷ್ಟು ಎತ್ತರದಲ್ಲಿ ಹಾರಿದ್ರೆ ನೆಗಡಿ ಆಗದೆ ಇರುತ್ತಾ?" ಎಂದುಕೊಂಡಿದ್ದರು.

ಈ ಸಲ ಸ್ಟುಡಿಯೋದವರು ಫೋನ್ ಮಾಡಿ, "ಹೊಸ ಹೀರೋಗೆ ಎಳೇ ದನಿ ಬೇಕಿತ್ತು ಸಾರ್," ಎಂದರು. "ಹೌದಪ್ಪ, ನಾನು ಬಲಿತ ಬೆಂಡೆಕಾಯಿ," ಎಂದು ಅಪ್ಪ ನಕ್ಕ. ಬುಲ್ಬುಲ್‌ಗೆ ನಗು ಬರಲಿಲ್ಲ. "ಆ ಡಬ್ಬಿಂಗು ಡಬ್ಬಾ ಆಗಿರುತ್ತೆ, ನೋಡ್ತಿರಿ!" ಎಂದು ಇಡೀ ಕ್ಲಾಸಿಗೆ ಸಾರಿದಳು. ಅದಕ್ಕೇ ಈಗ ಕಣ್ಣು ಮುಚ್ಚಿ, ಕಿವಿ ಚೂಪು ಮಾಡಿ, ತಪ್ಪು ಹುಡುಕುತ್ತಿದ್ದಳು.

ಆಗ ಆ ಸೀನು ಬಂತು. ಉರಿಯುವ ಕಟ್ಟಡದ ತಾರಸಿಯ ಮೇಲೆ ಒಂದು ಮಗು ಒಂಟಿಯಾಗಿ ಅಳುತ್ತಿದೆ. ಇಂಥ ಕಡೆ ಅಪ್ಪನ ಮುಗಿಲು, "ಹೆದರಬೇಡ! ನಾನಿದ್ದೇನೆ!" ಎಂದು ಗುಡುಗುತ್ತಿದ್ದ. ಥಿಯೇಟರಿನ ಕುರ್ಚಿಗಳೆಲ್ಲ ನಡುಗುತ್ತಿದ್ದವು.

ಹೊಸ ಮುಗಿಲು ಗುಡುಗಲಿಲ್ಲ. ಮಗುವಿನ ಪಕ್ಕ ಕೂತು ಮೆಲ್ಲಗೆ ಕೇಳಿದ: "ಹೆದರಿಕೆ ಆಗ್ತಿದ್ಯಾ?... ನನಗೂ."

ಬುಲ್ಬುಲ್‌ಳ ತೋಳಿನ ರೋಮಗಳೆಲ್ಲ ಎದ್ದು ನಿಂತವು. ಕಣ್ಣು ತಾನಾಗಿ ತೆರೆದುಕೊಂಡಿತು. ಆಮೇಲೆ ಸಿನಿಮಾ ಮುಗಿಯುವವರೆಗೂ ಅವಳು ರೆಪ್ಪೆ ಮಿಟುಕಿಸಿದ್ದರೆ ಕೇಳಿ.

"ಡಬ್ಬಾ ಅಂದಿದ್ಯಲ್ಲೇ? ಚಪ್ಪಾಳೆ ಹೊಡೆದು ಹೊಡೆದು ಅಂಗೈ ಟೊಮೇಟೊ ಆಗಿದೆ ನೋಡ್ಕೊ!" ಎಂದಳು ಪಟಾಕಿ.

ಬುಲ್ಬುಲ್ ಕೈ ಹಿಂದಕ್ಕೆ ಎಳೆದುಕೊಂಡಳು. ಅಪ್ಪನಿಗೆ ಏನು ಹೇಳೋದು?

ಸಿನಿಮಾಗೆ ಕರೆದುಕೊಂಡು ಹೋಗಿದ್ದ ಪಟಾಕಿಯ ಚಿಕ್ಕಪ್ಪ ಬುಲ್ಬುಲ್‌ಳನ್ನು ಅವಳ ಬೀದಿಯ ತಿರುವಿನಲ್ಲಿ ಬಿಟ್ಟು ಹೋದರು. ಬೀದಿಗೆ ಸಂಜೆಯ ಬೆಳಕು ಹರಡಿತ್ತು. ಈ ಬೀದಿಯಲ್ಲಿ ಎಲ್ಲಕ್ಕೂ ಅಪ್ಪನದೇ ದನಿ. ದಿನಾ ಅವಳ ಕೈ ಹಿಡಿದು ನಡೆಯುವಾಗ ಅಪ್ಪ ಒಂದೊಂದಕ್ಕೂ ಮಾತು ಕೊಟ್ಟುಬಿಟ್ಟಿದ್ದ. ಟೈಲರ್ ಅಂಗಡಿಯ ಷಟರ್ ಮುದುಕನ ಹಾಗೆ ಕೆಮ್ಮಿತು. ಹಗ್ಗದ ಮೇಲಿನ ಅಂಗಿ, "ಅಯ್ಯೋ ಗಾಳಿರಾಯ, ಕಚಗುಳಿ ಇಡಬೇಡ್ವೋ!" ಎಂದು ಕುಲುಕಿತು. ಬೀದಿದೀಪದ ಕಂಬ ಹೆಡ್ಮಾಸ್ಟರ್ ಗತ್ತಿನಲ್ಲಿ, "ಯಾರದು? ಕಾಲು ಎಳೀಬೇಡ!" ಎಂದು ಗದರಿತು.

ಆದರೆ ಮೇಲೆ, ತಾರಸಿಗಳ ಆಚೆ ತೇಲುತ್ತಿದ್ದ ಗುಲಾಬಿ ಮೋಡ ಮಾತ್ರ ಆ ಹೊಸ ದನಿಯಲ್ಲಿ ಪಿಸುಗುಟ್ಟಿತು. ಬುಲ್ಬುಲ್ ಥಟ್ಟನೆ ತಲೆ ತಗ್ಗಿಸಿದಳು. ಕದ್ದ ಮಾಲು ಜೇಬಿನಲ್ಲಿ ಇಟ್ಟುಕೊಂಡವಳ ಹಾಗೆ ಮನೆಗೆ ನಡೆದಳು.

"ಅಮ್ಮಾ, ಅಪ್ಪ ಎಲ್ಲಿ?"

"ಇನ್ನೆಲ್ಲಿ? ಕಪಾಟಿನಲ್ಲಿ!" ಎಂದಳು ಅಮ್ಮ, ಇಸ್ತ್ರಿ ಮಾಡುತ್ತ. "ಈ ಅಂಗೀನ ಎಲ್ಲಿ ನೇತುಹಾಕಲಿ ಅಂತ ನಿಮ್ಮಪ್ಪನ್ನೇ ಕೇಳು."

ನೇತಾಡುವ ಬಟ್ಟೆಗಳ ನಡುವೆ ಮಾತು ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ. ಅದಕ್ಕೇ ಅಪ್ಪನ ಪ್ರಾಕ್ಟೀಸೆಲ್ಲ ಆ ದೊಡ್ಡ ಕಪಾಟಿನೊಳಗೆ. ಒಳಗಿಂದ, "ಸತ್ತೆ... ಸತ್ತೇ ಹೋದೆ..." ಎಂಬ ಕೀರಲು ದನಿ ಬರುತ್ತಿತ್ತು. ಬುಲ್ಬುಲ್ ಬಾಗಿಲು ತೆಗೆದಳು.

"ಜಿರಳೆ ಔಷಧಿ ಜಾಹೀರಾತು," ಎಂದ ಅಪ್ಪ. "ಬೆಳಗ್ಗೆಯಿಂದ ಸಾಯ್ತಾನೇ ಇದ್ದೀನಿ, ಪ್ರಾಣ ಮಾತ್ರ ಹೋಗ್ತಿಲ್ಲ. ಬಾ ಒಳಗೆ. ಹೇಗಿತ್ತು ಸಿನಿಮಾ?" ಕೇಳಿದ್ದೂ ಜಿರಳೆ ದನಿಯಲ್ಲೇ.

ಅವಳು ಒಳಗೆ ತೂರಿಕೊಂಡು ಬಾಗಿಲು ಎಳೆದುಕೊಂಡಳು. ಕತ್ತಲು.

"ಡಬ್ಬಾ."

"ದನಿ?"

"ಅದೂ ಡಬ್ಬಾ."

"ಡಬ್ಬಾದಲ್ಲೂ ಸ್ಟೀಲಿಂದು, ತಗಡಿಂದು ಅಂತ ಇರುತ್ತಲ್ಲ. ಎಲ್ಲಿ, ಮಾಡಿ ತೋರಿಸು."

ಆ ಮಾತನ್ನು ಹಾಳು ಮಾಡಿ ಹೇಳಬೇಕೆಂದೇ ಬುಲ್ಬುಲ್ ಬಾಯಿ ತೆರೆದಳು. ಆದರೆ ಬಾಯಿ ಅವಳ ಮಾತು ಕೇಳಲಿಲ್ಲ. ಅಪ್ಪನ ಮಗಳ ಬಾಯಲ್ಲವೇ! ಥಿಯೇಟರಿನಲ್ಲಿ ಕೇಳಿದ್ದನ್ನು ಹಾಗೇ ತಂದು ಕತ್ತಲಲ್ಲಿ ಇಟ್ಟುಬಿಟ್ಟಿತು.

"ಹೆದರಿಕೆ ಆಗ್ತಿದ್ಯಾ?... ನನಗೂ."

ಕೋಟಿನ ತೋಳೊಂದು ಅವಳ ಕೆನ್ನೆಗೆ ತಾಗಿ ನಿಂತಿತು. ಅಯ್ಯೋ, ಯಾಕಾದರೂ ಹೇಳಿದೆನೋ ಎಂದುಕೊಂಡಳು.

"ಮಧ್ಯೆ ಉಸಿರು ತಗೊಂಡ್ನಾ?" ಅಪ್ಪ ಕೇಳಿದ.

"ಇಲ್ಲ. ಹಾಗೇ ಹಿಡ್ಕೊಂಡಿದ್ದ."

"ಹಿಡ್ಕೊಂಡಿದ್ನಾ? ಅಯ್ಯೋ ಕಳ್ಳ! ಇನ್ನೊಂದ್ಸಲ ಹೇಳು."

ಹೇಳಿದಳು. ಈ ಸಲ ಅಪ್ಪ ತಾನೂ ಉಸಿರು ಹಿಡಿದು ಕೇಳಿದ.

"ಜಿರಳೆ ಸತ್ತಾಯ್ತಾ?" ಹೊರಗಿಂದ ಅಮ್ಮ ಕೂಗಿದಳು. ಒಳಗಿಂದ ಉತ್ತರ ಹೋಗಲಿಲ್ಲ.

"ಚೆನ್ನಾಗಿದೆ ಕಣೇ," ಎಂದ ಅಪ್ಪ ಕೊನೆಗೆ. "ನಾನಾಗಿದ್ರೆ ಕೂಗಿಬಿಡ್ತಿದ್ದೆ."

ಅದು ಮುಗಿಲಿನ ದನಿಯಲ್ಲ, ಜಿರಳೆಯದಲ್ಲ, ಕಂಬದ್ದೂ ಅಲ್ಲ. ಸಣ್ಣದಾಗಿ, ಸ್ವಲ್ಪ ಒಡಕಲಾಗಿತ್ತು. ಅಪ್ಪನ ಈ ಸ್ವಂತ ದನಿಯನ್ನು ತಾನು ಎಷ್ಟು ಕಡಿಮೆ ಕೇಳಿದ್ದೇನೆ ಎಂದು ಬುಲ್ಬುಲ್‌ಗೆ ಆಗಲೇ ಹೊಳೆದದ್ದು. ಬೇರೆ ದಿನವಾಗಿದ್ದರೆ, "ಅಪ್ಪಾ, ಈಗ ಮುಗಿಲು ಮಾಡು, ಈಗ ಆನೆ ಮಾಡು," ಎಂದು ಪೀಡಿಸುತ್ತಿದ್ದಳು. ಈಗ ಏನನ್ನೂ ಮಾಡು ಎನ್ನಲಿಲ್ಲ.

ಕೋಟುಗಳ ನಡುವೆ ತಡಕಾಡಿ ಅವನ ಕೈ ಹುಡುಕಿ ಹಿಡಿದುಕೊಂಡಳು.

"ಆಮೇಲೆ?" ಎಂದಳು. "ಮಾತಾಡಪ್ಪ. ನಾನು ಕೇಳ್ತೀನಿ."