ಬಸದಿಯಲ್ಲಿ ಓದಿದ ವಚನ

ಹೆಣ್ಣು ನೋಡುವ ಶಾಸ್ತ್ರಕ್ಕೆ ಎಡಕ್ಕಲ್ ಗುಹೆ ಒಳ್ಳೆಯದೋ, ಸುಲ್ತಾನ್ ಬತ್ತೇರಿಯ ಜೈನ ಬಸದಿ ಒಳ್ಳೆಯದೋ ಎಂಬ ಗಹನವಾದ ಪ್ರಶ್ನೆ ಕಲ್ಲೂರಿನ ಶಿವಮಲ್ಲಪ್ಪನವರ ಮನೆಯನ್ನು ವಾರವಿಡೀ ಕಾಡಿತು. ಗಂಡಿನವರು ಮನೆಗೇ ಬಂದು ನೋಡಿ ಬೇಡವೆಂದರೆ ಊರಿಗೆಲ್ಲ ತಿಳಿಯುತ್ತದೆ. ಹಳೆಯ ಕಟ್ಟಡ ನೋಡಲು ಹೋದಾಗ ಆಕಸ್ಮಿಕವಾಗಿ ಸಿಕ್ಕಂತಿರಬೇಕು. ಗುಹೆಗೆ ಗುಡ್ಡ ಹತ್ತಿದರೆ ಹುಡುಗಿ ಬೆವರುತ್ತಾಳೆ. ಬಸದಿ ಗೆದ್ದಿತು.

ಗುಂಡ್ಲುಪೇಟೆಯಿಂದ ಹೆಣ್ಣು ನೋಡಲು ಬಂದ ಗುರುಮೂರ್ತಿ ಮೆಟ್ಟಿಲ ಬಳಿ ಶೂ ಕಳಚಿದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಅದನ್ನು ಮುಚ್ಚಲು ಇನ್ನೊಂದು ಪಾದ ತಂದಿಟ್ಟ. ಅದರಲ್ಲೂ ತೂತು.

ಶಿವಮಲ್ಲಪ್ಪನವರ ಮಗಳು ವೀಣಾ ನಕ್ಕುಬಿಟ್ಟಳು. ಅವನೂ ನಕ್ಕ.

ಇವನಾದರೆ ಸಾಕು... ಎನಿಸಿತು ಅವಳಿಗೆ. ಭಯ ಶುರುವಾದದ್ದೂ ಆಗಲೇ.

ಏಕೆಂದರೆ, ಮಗಳು ಕನ್ನಡವನ್ನು ಸೊಗಸಾಗಿ ಓದುತ್ತಾಳೆಂದು ಅಪ್ಪ ಗಂಡಿನ ಕಡೆಗೆ ಸುಳ್ಳು ಹೇಳಿದ್ದರು. ಗಡಿಯಾಚೆ ಹುಟ್ಟಿ ಬೆಳೆದ ವೀಣಾ ಶಾಲೆಯಲ್ಲಿ ಕಲಿತದ್ದು ಮಲಯಾಳಂ. ಕನ್ನಡ ಮನೆಮಾತು, ಅಕ್ಷರ ಮಾತ್ರ ಒಂದೂ ಗೊತ್ತಿಲ್ಲ.

ಬಸದಿಯ ಹೊರಗಿನ ಹುಲ್ಲಿನ ಮೇಲೆ ಕುಳಿತ ಹುಡುಗನ ಸೋದರತ್ತೆ ಶಿವಮ್ಮ ವಿಚಾರಣೆಗೆ ಇಳಿದರು. "ನಿಮ್ಮ ಕಡೆ ಮನೆಮನೇಲೂ ವೈನ್ ಮಾಡ್ತರಂತಲ್ಲವ್ವ?"

"ಪಕ್ಕದ ಮನೆ ಅಕ್ಕ, ಓಮನ ಚೇಚಿ, ಕ್ರಿಸ್ಮಸ್ಸಿಗೆ ಮಾಡ್ತಾರೆ. ನಾವು ಕೇಕ್ ಮಾತ್ರ ತಿನ್ನೋದು."

"ಸದ್ಯ." ಶಿವಮ್ಮ ಚೀಲದಿಂದ ವಚನದ ಪುಸ್ತಕ ತೆಗೆದರು. "ಒಂದು ಓದವ್ವ. ನಮ್ಮನೆ ಸೊಸೇರೆಲ್ಲ ಓದೇ ಒಳಕ್ಕೆ ಬಂದಿರಾದು."

ಶಿವಮಲ್ಲಪ್ಪನವರಿಗೆ ಇದ್ದಕ್ಕಿದ್ದಂತೆ ಕಲ್ಲುಕಂಬಗಳ ಇತಿಹಾಸದಲ್ಲಿ ಆಸಕ್ತಿ ಹುಟ್ಟಿತು.

ವೀಣಾ ಪುಸ್ತಕ ತೆರೆದಳು. ಅಜ್ಜಿ ಬಾಯಿಪಾಠ ಮಾಡಿಸಿದ್ದ ವಚನವೊಂದನ್ನು ಪುಟದ ಮೇಲೆ ಕಣ್ಣಿಟ್ಟು ಒಪ್ಪಿಸಿದಳು. ಶಿವಮ್ಮನ ಮುಖ ಅರಳಿತು. ಪಕ್ಕದಿಂದ ಪುಟವನ್ನು ಇಣುಕಿದ ಗುರುಮೂರ್ತಿಯ ಮುಖ ಬಾಡಿತು. ಎದ್ದು ಬಸದಿಯೊಳಕ್ಕೆ ಹೋಗಿಬಿಟ್ಟ.

ಗೊತ್ತಾಯಿತೇ? ಬೇಡವೆಂದೇ ಎದ್ದನೇ?... ಒಳಗಿನ ಕೆತ್ತನೆ ತೋರಿಸುವ ನೆಪ ಹೇಳಿ ಹಿಂದೆಯೇ ಹೋದಳು.

"ನಂಗೆ ಕನ್ನಡ ಓದಕ್ಕೆ ಬರಲ್ಲ," ಎಂದಳು, ಕಂಬಕ್ಕೆ ಹೇಳುವಂತೆ.

"ಗೊತ್ತಾಯ್ತು. ನೀವು ಓದಿದ್ದು ದಾನಿಗಳ ಹೆಸರಿರೋ ಪುಟ."

"ಅಲ್ಲೇ ಹೇಳ್ಬೋದಿತ್ತಲ್ಲ?"

"ಹೇಳಿದ್ರೆ ಅತ್ತೆ ಹೊರಟುಬಿಡ್ತಾರೆ. ನನ್ನ ಮುಖ ನೋಡಿದ್ರೂ ಅವರಿಗೆ ಗೊತ್ತಾಗುತ್ತೆ. ಅದಕ್ಕೇ ಎದ್ದು ಬಂದೆ. ಹೇಳೋದು ಬೇಡ ಬಿಡಿ."

ಅಂದರೆ ಇವನೂ ಹೆದರಿದ್ದಾನೆ... ಅವಳ ಕಣ್ಣು ತುಂಬಿತು.

"ನಾಳೆ ನಿಮ್ಮನೇಲಿ ದಿನಾ ಪುಸ್ತಕ ಕೊಡ್ತಾರೆ. ಎಷ್ಟು ಅಂತ ಬಾಯಿಪಾಠ ಮಾಡ್ಲಿ? ನಾನೇ ಹೇಳ್ತೀನಿ."

"ಅವರು ಒಪ್ಪಲ್ಲ."

"ನೀವು?"

"ನಾನು ಬಂದಿದ್ದು ಕಂಬ ನೋಡಕ್ಕಲ್ಲ. ನಡೀರಿ."

ಹೊರಗೆ ವೀಣಾ ನಿಜ ಹೇಳಿದಳು. ಶಿವಮ್ಮ ಪುಸ್ತಕವನ್ನು ಚೀಲಕ್ಕೆ ಹಾಕಿ, ಹೋಗಿ ಕಾರಿನಲ್ಲಿ ಕುಳಿತರು. ಬಾಗಿಲು ಜೋರಾಗಿ ಬಡಿಯಿತು.

ಗುರುಮೂರ್ತಿ ಅವಳ ಪಕ್ಕದಿಂದ ಕದಲಲಿಲ್ಲ.

"ಹೆದ್ರಿಕೆ ಆಗ್ತಿದ್ಯಾ?" ಎಂದ.

"ಹ್ಞೂಂ. ನಿಮಗೆ?"

"ಕಾಲು ನಡುಗ್ತಿದೆ. ಹತ್ರ ನಿಂತ್ಕೊಳ್ಳಿ."

ನಿಂತುಕೊಂಡಳು.

ಮದುವೆ ಮಾಘದಲ್ಲಿ ನಡೆಯಿತು. ಶಿವಮ್ಮ ಬರಲಿಲ್ಲ.